ಮುಚ್ಚಿಹೋಗುವ ಕೆಲಸಕ್ಕೇ ಮೊದಲು ಕರಾರು

ಸೈಟಿಗೊಂದು ಕಾಂಪೌಂಡ್, ತೋಟಕ್ಕೊಂದು ಬೇಲಿ, ಮನೆ ಮುಂದೆ ಕಾರು ನಿಲ್ಲುವಷ್ಟು ಕಾಂಕ್ರೀಟ್ ನೆಲ. ಈ ಕೆಲಸಗಳಿಗೆ ಸಾಮಾನ್ಯವಾಗಿ ಯಾರೂ ಎಂಜಿನಿಯರನ್ನು ಕರೆಸುವುದಿಲ್ಲ. ಊರಿನ ಮೇಸ್ತ್ರಿಯೋ ಪಕ್ಕದ ಬಡಾವಣೆಯಲ್ಲಿ ಕೆಲಸ ಹಿಡಿದಿರುವ ಕಂಟ್ರಾಕ್ಟರೋ ಬಂದು ಜಾಗ ನೋಡುತ್ತಾರೆ, ನೆಲಕ್ಕಾದರೆ ಚದರಡಿಗೆ ಇಷ್ಟು, ಬೇಲಿಗಾದರೆ ರನ್ನಿಂಗ್ ಅಡಿಗೆ ಇಷ್ಟು ಎಂದು ದರ ಹೇಳುತ್ತಾರೆ. ಇನ್ನಿಬ್ಬರನ್ನು ಕೇಳಿ, ಕಡಿಮೆ ಹೇಳಿದವರ ಕೈಗೆ ಮುಂಗಡ ಕೊಟ್ಟರೆ ಮಾತುಕತೆ ಮುಗಿಯಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಂಬ ವಾಲಿದರೆ, ನೆಲ ಬಿರುಕು ಬಿಟ್ಟರೆ, ಮೇಸ್ತ್ರಿ ಮೋಸ ಮಾಡಿದ ಎನ್ನುತ್ತೇವೆ. ಆದರೆ ಅವನು ಮುರಿದ ಕರಾರು ಯಾವುದು ಎಂದು ಕೇಳಿದರೆ ಬಹಳ ಸಲ ತೋರಿಸಲು ಏನೂ ಇರುವುದಿಲ್ಲ. ಕಂಬದ ಗುಂಡಿ ಎಷ್ಟು ಆಳವಿರಬೇಕು, ಕಾಂಕ್ರೀಟ್ ಎಷ್ಟು ದಪ್ಪವಿರಬೇಕು ಎಂಬ ಮಾತೇ ಆಗಿರುವುದಿಲ್ಲ. ಚೌಕಾಸಿ ನಡೆಯುವುದು ಕಣ್ಣಿಗೆ ಕಾಣುವ ಭಾಗದ ಮೇಲೆ, ಕೆಲಸದ ಆಯುಸ್ಸು ತೀರ್ಮಾನವಾಗುವುದು ಮಣ್ಣಿನೊಳಗೆ ಮುಚ್ಚಿಹೋಗುವ ಭಾಗದಲ್ಲಿ. ಆದ್ದರಿಂದ ಕರಾರು ಮೊದಲು ಆಗಬೇಕಾದದ್ದು ಮುಚ್ಚಿಹೋಗುವ ಕೆಲಸದ ಮೇಲೆ. ಮೇಸ್ತ್ರಿಯನ್ನು ಆರಿಸುವುದರಿಂದ ಹಿಡಿದು ಕೊನೆಯ ಕಂತಿನವರೆಗೆ ಎಲ್ಲವನ್ನೂ ಇದೇ ಸೂತ್ರದ ಮೇಲೆ ನಡೆಸಬಹುದು ಎಂಬುದು ಈ ಲೇಖನದ ವಾದ.

ಒಂದೇ ದರದೊಳಗಿನ ಎರಡು ಕೆಲಸ

ಮನೆ ಮುಂದೆ 30 ಅಡಿ ಉದ್ದ, 10 ಅಡಿ ಅಗಲದ ನೆಲಕ್ಕೆ ಕಾಂಕ್ರೀಟ್ ಹಾಕಿಸಬೇಕು ಎಂದಿಟ್ಟುಕೊಳ್ಳೋಣ. ನಾಲ್ಕು ಇಂಚು ದಪ್ಪ ಹಾಕಿದರೆ ಸರಿಯಾಗಿ 100 ಘನ ಅಡಿ ಕಾಂಕ್ರೀಟ್ ಬೇಕು. ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ ಹಾಕುವ ಎಂ-20 ಮಿಶ್ರಣವಾದರೆ ಇದಕ್ಕೆ ಸುಮಾರು 23 ಮೂಟೆ ಸಿಮೆಂಟ್ ಹಿಡಿಯುತ್ತದೆ. ಅದೇ ನೆಲವನ್ನು ಮೂರು ಇಂಚಿಗೆ ಇಳಿಸಿ, ಒಂದಕ್ಕೆ ಎರಡು, ನಾಲ್ಕರ ಮಿಶ್ರಣ ಹಾಕಿದರೆ 13 ರಿಂದ 14 ಮೂಟೆಯಲ್ಲಿ ಕೆಲಸ ಮುಗಿಯುತ್ತದೆ. ಚದರಡಿ ಲೆಕ್ಕದಲ್ಲಿ ಎರಡೂ 300 ಚದರಡಿಯೇ. ಕರಣೆಯಿಂದ ನಯ ಮಾಡಿದ ಮೇಲೆ ಮೇಲ್ಮೈ ನೋಡಿ ಇವೆರಡನ್ನು ಬೇರೆ ಮಾಡಿ ಹೇಳುವುದು ಮನೆಯವರಿಗೆ ಸಾಧ್ಯವಿಲ್ಲ. ಇಲ್ಲಿ ಮೇಸ್ತ್ರಿ ಸುಳ್ಳು ಹೇಳಲೇಬೇಕೆಂದಿಲ್ಲ. ದಪ್ಪದ ಮಾತೇ ಬಂದಿಲ್ಲದಿದ್ದರೆ, ಕಡಿಮೆ ದರ ಹೇಳಿದವನು ಆ ದರಕ್ಕೆ ತಕ್ಕ ಕೆಲಸವನ್ನೇ ಮಾಡಿ ಕೊಟ್ಟಿರುತ್ತಾನೆ. ನಾಲ್ಕು ಇಂಚಿನ ಲೆಕ್ಕದಲ್ಲಿ ದರ ಹೇಳಿದ ಪ್ರಾಮಾಣಿಕ ಮೇಸ್ತ್ರಿ ಮಾತ್ರ ದುಬಾರಿಯವನು ಎನ್ನಿಸಿಕೊಂಡು ಹಿಂದಿರುಗುತ್ತಾನೆ.

ಬೇಲಿಯಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಚೌಕಾಕಾರದ ಒಂದು ಎಕರೆಯ ಸುತ್ತಳತೆ ಸುಮಾರು 835 ಅಡಿ. ಎಂಟು ಅಡಿಗೊಂದು ಕಂಬ ನೆಟ್ಟರೆ 105 ಕಂಬ ಬೇಕು, ಹತ್ತು ಅಡಿಗೊಂದಾದರೆ 84 ಸಾಕು. ರನ್ನಿಂಗ್ ಅಡಿ ದರದಲ್ಲಿ ಈ 21 ಕಂಬಗಳು ಎಲ್ಲಿ ಹೋದವು ಎಂಬುದು ಗೊತ್ತೇ ಆಗುವುದಿಲ್ಲ. ಜಾಲರಿಯ ತಂತಿಯನ್ನು ಗೇಜಿನಲ್ಲಿ ಹೇಳುತ್ತಾರೆ, ಗೇಜಿನ ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳ್ಳಗೆ. 10 ಗೇಜ್ ತಂತಿ ಸುಮಾರು 3.25 ಮಿಲಿಮೀಟರ್ ದಪ್ಪ, 12 ಗೇಜ್ ಸುಮಾರು 2.64 ಮಿಲಿಮೀಟರ್. ಬೆರಳಲ್ಲಿ ಹಿಡಿದರೆ ಅರ್ಧ ಮಿಲಿಮೀಟರ್ ಚಿಲ್ಲರೆಯ ಅಂತರ ತಿಳಿಯುವುದು ಕಷ್ಟ. ಆದರೆ 10ರ ಬದಲು 12 ಬಂದರೆ ತಂತಿಯಲ್ಲಿರುವ ಕಬ್ಬಿಣದಲ್ಲಿ ಮೂರನೇ ಒಂದು ಭಾಗ ಕಡಿಮೆಯಾಗಿರುತ್ತದೆ. ಪಿವಿಸಿ ಹೊದಿಕೆಯ ಜಾಲರಿಯಲ್ಲಿ ಹೊದಿಕೆಯನ್ನೂ ಸೇರಿಸಿ ಗೇಜ್ ಹೇಳಿದರೆ ಒಳಗಿನ ಕಬ್ಬಿಣ ಮತ್ತಷ್ಟು ಸಣ್ಣದು. ಇನ್ನು ಏಳು ಅಡಿಯ ಕಲ್ಲುಕಂಬವನ್ನು ಎರಡಡಿ ಹೂಳಿದ್ದಾರೋ ಒಂದಡಿ ಹೂಳಿದ್ದಾರೋ ಎಂಬುದು ಜೋರು ಗಾಳಿಯಲ್ಲಿ, ಇಲ್ಲವೇ ದನ ಮೈ ಉಜ್ಜಿದಾಗ ಮಾತ್ರ ಗೊತ್ತಾಗುವ ಸಂಗತಿ.

ದರ ಕೇಳುವ ಮೊದಲು ಬರೆಯಬೇಕಾದ ಒಂದು ಹಾಳೆ

ಹೀಗಾಗಿ ಮೂವರ ಬಳಿ ದರ ಕೇಳುವ ಮೊದಲು ನಮಗೆ ಬೇಕಾದ ಕೆಲಸವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಮೂವರಿಗೂ ಅದೇ ಹಾಳೆ ಕೊಟ್ಟಾಗ ಮಾತ್ರ ಅವರು ಹೇಳುವ ದರಗಳನ್ನು ಹೋಲಿಸಬಹುದು. ಕಾಂಕ್ರೀಟ್ ನೆಲಕ್ಕಾದರೆ ಉದ್ದ, ಅಗಲ, ದಪ್ಪ, ಕೆಳಗಿನ ಮಣ್ಣನ್ನು ಗಟ್ಟಿಸುವ ಬಗೆ, ಮಿಶ್ರಣದ ಪ್ರಮಾಣ, ಸಿಮೆಂಟಿನ ಬಗೆ, ಮಳೆನೀರು ಹರಿದುಹೋಗಲು ಇಳಿಜಾರು ಯಾವ ಕಡೆಗೆ, ಜಾಯಿಂಟು ಎಷ್ಟು ಅಡಿಗೊಂದು ಎಂಬುದೆಲ್ಲ ಅದರಲ್ಲಿರಲಿ. ಕಾಂಕ್ರೀಟ್ ಒಣಗುತ್ತಾ ಕುಗ್ಗುವುದು ಸಹಜ, ಕುಗ್ಗುವಾಗ ಬಿರುಕು ಬಿಡುವುದೂ ಸಹಜ. ನಾಲ್ಕು ಇಂಚಿನ ನೆಲಕ್ಕೆ ಎಂಟರಿಂದ ಹತ್ತು ಅಡಿಗೊಂದರಂತೆ, ದಪ್ಪದ ನಾಲ್ಕನೇ ಒಂದು ಭಾಗದಷ್ಟು ಆಳದ ಗೆರೆ ಕೊಯ್ದರೆ ಬಿರುಕು ಆ ಗೆರೆಯ ಕೆಳಗೇ ಮೂಡಿ ಮರೆಯಾಗುತ್ತದೆ. ನಮ್ಮ 30 ಅಡಿ ನೆಲಕ್ಕೆ ಅಂಥ ಎರಡು ಗೆರೆ ಸಾಕು. ಬೇಲಿಗಾದರೆ ಕಂಬ ಕಲ್ಲಿನದೋ ಸಿಮೆಂಟಿನದೋ ಕಬ್ಬಿಣದ್ದೋ, ಅದರ ಒಟ್ಟು ಉದ್ದ, ಹೂಳುವ ಆಳ, ಗುಂಡಿಯ ಅಗಲ, ಕಂಬದಿಂದ ಕಂಬಕ್ಕೆ ಅಂತರ, ತಂತಿಯ ಗೇಜ್, ಜಾಲರಿಯ ಕಣ್ಣಿನ ಅಳತೆ, ಮುಳ್ಳುತಂತಿಯಾದರೆ ಎಷ್ಟು ಸಾಲು ಎಂದು ಬರೆಯಬೇಕು. ಮೂಲೆಗಂಬಗಳಿಗೆ ಬೇರೆಯದೇ ಸಾಲು ಇರಲಿ. ಬಿಗಿದ ತಂತಿಯ ಎಳೆತವೆಲ್ಲ ಬೀಳುವುದು ಅವುಗಳ ಮೇಲೆ, ಆದ್ದರಿಂದ ಅವುಗಳ ಗುಂಡಿ ಹೆಚ್ಚು ಆಳವಿರಬೇಕು ಮತ್ತು ಎರಡೂ ಬದಿಗೆ ಓರೆ ಆಸರೆ ಬೇಕು.

ಈ ವಿವರಗಳು ಎಲ್ಲ ಊರಿಗೂ ಒಂದೇ ಅಲ್ಲ, ಸ್ಥಳೀಯ ಮೇಸ್ತ್ರಿಯ ನಿಜವಾದ ಬೆಲೆ ಇರುವುದೂ ಇಲ್ಲಿಯೇ. ವಿಜಯಪುರ, ಗದಗ, ರಾಯಚೂರಿನ ಕಡೆಯ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿಬಿಡುತ್ತದೆ. ಮೈಸೂರಿನ ಕಡೆಯ ಕೆಂಪು ನೆಲಕ್ಕೆ ಸಾಕಾಗುವ ಪಾಯವನ್ನು ಅಲ್ಲಿ ಹಾಕಿದರೆ ಕಾಂಪೌಂಡ್ ಸೀಳುತ್ತದೆ. ಕರಾವಳಿಯ ಉಪ್ಪುಗಾಳಿಗೆ ಜಿ.ಐ. ತಂತಿ ಒಳನಾಡಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ಗೋಡೆಗೆ ಅಲ್ಲಿ ಸಿಗುವ ಕೆಂಪುಕಲ್ಲಿನ ಕೆಲಸ ತಿಳಿದವರೂ ಅಲ್ಲಿಯವರೇ. ಆದ್ದರಿಂದ ಹಾಳೆ ಬರೆದ ಮೇಲೆ ಅದನ್ನು ಮೇಸ್ತ್ರಿಯ ಮುಂದಿಟ್ಟು, ಈ ಮಣ್ಣಿಗೆ ಇಷ್ಟು ಆಳ ಸಾಕೇ ಎಂದು ಕೇಳಬೇಕು. ಕಾರಣ ಕೊಟ್ಟು ತಿದ್ದುವವನಿದ್ದರೆ ಅವನ ಮಾತಿಗೆ ಬೆಲೆ ಕೊಡಬೇಕು. ಎಲ್ಲದಕ್ಕೂ ಆಗುತ್ತೆ ಬಿಡಿ ಸಾರ್ ಎನ್ನುವವನಿಂದ ಹಾಳೆಯ ಒಂದೊಂದು ಸಾಲಿಗೂ ಬಿಡಿಸಿ ಉತ್ತರ ಪಡೆಯುವವರೆಗೆ ಮುಂಗಡ ಕೊಡಬಾರದು. ಅವನು ಮಾಡಿದ ಹಳೆಯ ಕೆಲಸವನ್ನೂ ನೋಡಬೇಕು, ಹೊಸದನ್ನಲ್ಲ, ಕನಿಷ್ಠ ಮೂರು ನಾಲ್ಕು ಮಳೆಗಾಲ ಕಂಡದ್ದನ್ನು. ಮೂಲೆಗಂಬ ಒಳಕ್ಕೆ ವಾಲಿದೆಯೇ, ತಂತಿ ಜೋತುಬಿದ್ದಿದೆಯೇ, ಕಾಂಪೌಂಡಿನಲ್ಲಿ ಮೆಟ್ಟಿಲಿನಾಕಾರದ ಬಿರುಕಿದೆಯೇ, ನೆಲದ ಮೇಲೆ ಕಾಲಾಡಿಸಿದರೆ ಸಿಮೆಂಟಿನ ಪುಡಿ ಏಳುತ್ತದೆಯೇ ಎಂದು ಗಮನಿಸಿದರೆ ಒಳಗೆ ಏನು ನಡೆದಿತ್ತೆಂಬುದು ಸಾಕಷ್ಟು ಗೊತ್ತಾಗುತ್ತದೆ.

ಗಡಿ ಮೊದಲು, ಗುಂಡಿ ಆಮೇಲೆ

ಮೇಸ್ತ್ರಿಯ ಕೈಗೆ ಬಿಡಲೇಬಾರದ ಒಂದು ವಿಷಯವೆಂದರೆ ಗಡಿ. ದಾರ ಎಳೆದು ಕೊಡಿ ಸಾರ್, ಅದರ ಮೇಲೆ ಕಟ್ಟುತ್ತೇನೆ ಎಂಬುದು ಅವನ ನ್ಯಾಯವಾದ ಮಾತು. ದಾರ ತಪ್ಪಿದರೆ ಜವಾಬ್ದಾರಿ ಜಾಗದವರದ್ದೇ. ಕೃಷಿ ಜಮೀನಿಗಾದರೆ ಮೋಜಿಣಿ ವ್ಯವಸ್ಥೆಯಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಟ್ಟು, ಭೂಮಾಪಕರಿಂದ ಅಳತೆ ಮಾಡಿಸಿ, ಅಕ್ಕಪಕ್ಕದವರ ಎದುರಿನಲ್ಲೇ ಗಡಿ ಗುರುತು ಹಾಕಿಸಿಕೊಳ್ಳುವುದು ಸರಿಯಾದ ದಾರಿ. ಪಹಣಿಯಲ್ಲಿ ವಿಸ್ತೀರ್ಣವಿರುತ್ತದೆ, ಗಡಿಯ ಗೆರೆ ನೆಲದ ಮೇಲೆ ಎಲ್ಲಿ ಹಾಯುತ್ತದೆಂದು ಅದು ಹೇಳುವುದಿಲ್ಲ. ಬಡಾವಣೆಯ ಸೈಟಾದರೆ ಕ್ರಯಪತ್ರದ ಚಕ್ಕುಬಂದಿ, ಖಾತೆಯ ಅಳತೆ, ಮಂಜೂರಾದ ಬಡಾವಣೆ ನಕ್ಷೆ ಮೂರನ್ನೂ ನೆಲದ ಮೇಲಿನ ಅಳತೆಯ ಜೊತೆ ತಾಳೆ ನೋಡಬೇಕು. ಕಾಂಪೌಂಡಿಗೆ ಅನುಮತಿ ಬೇಕೇ, ರಸ್ತೆ ಬದಿಗೆ ಎಷ್ಟು ಎತ್ತರ ಬಿಡುತ್ತಾರೆ ಎಂಬುದನ್ನು ನಗರಸಭೆಯಲ್ಲೋ ಗ್ರಾಮ ಪಂಚಾಯಿತಿಯಲ್ಲೋ ವಿಚಾರಿಸಿಕೊಳ್ಳಬೇಕು. ಗೋಡೆಗಿಂತ ಅದರ ಪಾಯ ಅಗಲವಾಗಿರುತ್ತದೆ. ಆರು ಇಂಚಿನ ಗೋಡೆಯನ್ನು ಗಡಿಗೆ ಸರಿಯಾಗಿ ಎಬ್ಬಿಸಿದರೂ ಎರಡಡಿ ಅಗಲದ ಪಾಯ ಪಕ್ಕದವರ ನೆಲದೊಳಗೆ ಚಾಚಿರಬಹುದು. ಮಣ್ಣು ಮುಚ್ಚಿದ ಮೇಲೆ ಕಾಣದ ಈ ಒತ್ತುವರಿ, ಪಕ್ಕದವರು ಪಾಯ ತೋಡಿದ ದಿನ ಜಗಳವಾಗಿ ಹೊರಬರುತ್ತದೆ. ಹಾಗೆಯೇ ಮೇಲಿನ ಹೊಲದ ಮಳೆನೀರು ನಮ್ಮ ಜಾಗದ ಮೂಲಕ ಹರಿಯುತ್ತಿದ್ದರೆ ಗೋಡೆಯಲ್ಲಿ ಅದಕ್ಕೆ ದಾರಿ ಬಿಡಲೇಬೇಕು. ತೂತುಗಳಿಲ್ಲದ ಕಾಂಪೌಂಡ್ ಅಣೆಕಟ್ಟಿನ ಕೆಲಸ ಮಾಡಬೇಕಾಗಿ ಬಂದು ಉರುಳುತ್ತದೆ.

ಹಣದ ಕಂತು, ಮುಚ್ಚುವ ಮೊದಲಿನ ನೋಟ

ಕರಾರಿನ ಹೃದಯ ಇರುವುದು ಹಣ ಕೊಡುವ ಕ್ರಮದಲ್ಲಿ. ಅರ್ಧ ಮುಂಗಡ, ಉಳಿದರ್ಧ ಕೆಲಸ ಮುಗಿದ ಮೇಲೆ ಎಂಬ ರೂಢಿಯಲ್ಲಿ ನಮ್ಮ ಕಣ್ಣು ಬೀಳುವುದು ಆರಂಭ ಮತ್ತು ಕೊನೆಯ ಮೇಲೆ ಮಾತ್ರ. ಅದರ ಬದಲು ಮುಚ್ಚಿಹೋಗುವ ಒಂದೊಂದು ಹಂತಕ್ಕೂ ಒಂದು ಕಂತನ್ನು ಕಟ್ಟಬೇಕು. ಬೇಲಿಗಾದರೆ ಸಣ್ಣ ಮುಂಗಡ, ಗುಂಡಿಗಳೆಲ್ಲ ತೋಡಿ ಆಳ ಅಳೆದ ಮೇಲೆ ಒಂದು ಕಂತು, ಕಂಬ ನಿಲ್ಲಿಸಿ ಕಾಂಕ್ರೀಟ್ ತುಂಬಿದ ಮೇಲೆ ಇನ್ನೊಂದು, ತಂತಿ ಬಿಗಿದ ಮೇಲೆ ಮತ್ತೊಂದು. ಸುಮಾರು ಹತ್ತನೇ ಒಂದು ಭಾಗವನ್ನು ಮೊದಲ ಜೋರು ಮಳೆ ಕಳೆಯುವವರೆಗೆ ಉಳಿಸಿಕೊಳ್ಳುವುದು ಇಬ್ಬರಿಗೂ ಒಪ್ಪಿಗೆಯಾಗಬಹುದಾದ ಕ್ರಮ. ಕಾಂಕ್ರೀಟ್ ನೆಲಕ್ಕಾದರೆ ಮಣ್ಣು ಗಟ್ಟಿಸಿ, ಅಂಚಿಗೆ ಹಲಗೆ ಕಟ್ಟಿದ ಮೇಲೆ ದಪ್ಪ ಅಳೆಯಬೇಕು. ಹಲಗೆಯ ಮೇಲಂಚಿಗೆ ದಾರ ಎಳೆದು, ಮಧ್ಯದಲ್ಲಿ ನಾಲ್ಕೈದು ಕಡೆ ಟೇಪು ಇಳಿಬಿಟ್ಟರೆ ಸಾಕು, ಹತ್ತು ನಿಮಿಷದ ಕೆಲಸ. ಪ್ರತಿ ಹಂತದಲ್ಲೂ ಟೇಪು ಕಾಣುವಂತೆ ಮೊಬೈಲಿನಲ್ಲಿ ಫೋಟೊ ತೆಗೆದು ಮೇಸ್ತ್ರಿಗೂ ಕಳಿಸಬೇಕು. ಮುಂದೆ ಮಾತು ಬಂದರೆ ಅವನಿಗೂ ಅದೇ ಸಾಕ್ಷಿ.

ಕಾಂಕ್ರೀಟ್ ಕಲಸುವ ದಿನ ನೋಡಬೇಕಾದದ್ದು ಮುಖ್ಯವಾಗಿ ನೀರು. ನೀರು ಹೆಚ್ಚಿದಷ್ಟೂ ಕಾಂಕ್ರೀಟಿನ ಬಲ ಕುಗ್ಗುತ್ತದೆ ಎಂಬುದನ್ನು ಅಮೆರಿಕದ ಡಫ್ ಅಬ್ರಾಮ್ಸ್ 1918ರಲ್ಲೇ ಪ್ರಯೋಗಗಳಿಂದ ತೋರಿಸಿದ್ದರು. ನಮ್ಮ ದೇಶದ ಕಾಂಕ್ರೀಟ್ ಸಂಹಿತೆಯಾದ ಐಎಸ್ 456:2000, ಎಂ-20 ಮಿಶ್ರಣಕ್ಕೆ 50 ಕಿಲೋದ ಒಂದು ಮೂಟೆಗೆ 30 ಲೀಟರಿಗಿಂತ ಹೆಚ್ಚು ನೀರು ಬೇಡ ಎನ್ನುತ್ತದೆ, ಒದ್ದೆ ಮರಳಿನಲ್ಲಿರುವ ನೀರೂ ಅದರಲ್ಲೇ ಸೇರಬೇಕು. ಕೆಲಸಗಾರರು ನೀರು ಹೆಚ್ಚು ಸುರಿಯುವುದಕ್ಕೆ ಕಾರಣವಿದೆ, ತೆಳ್ಳಗಾದ ಕಾಂಕ್ರೀಟ್ ಎಳೆಯಲು ಹಗುರ. ಹಾಗಾಗಿ ಅಳತೆ ಬಕೆಟ್ಟು ಇರಲಿ ಎಂದು ಮೊದಲೇ ಹಾಳೆಯಲ್ಲಿ ಬರೆದಿದ್ದರೆ ಆ ಹೊತ್ತಿನ ವಾಗ್ವಾದ ತಪ್ಪುತ್ತದೆ. ಮರಳು, ಜಲ್ಲಿಯನ್ನೂ ಬಾಣಲಿ ಲೆಕ್ಕದ ಬದಲು ಒಂದು ಮೂಟೆ ಸಿಮೆಂಟ್ ಹಿಡಿಯುವ ಸುಮಾರು ಒಂದೂಕಾಲು ಘನ ಅಡಿಯ ಪೆಟ್ಟಿಗೆಯಲ್ಲಿ ಅಳೆಯುವುದು ಲೇಸು. ಮೂಟೆಯ ಮೇಲೆ ಐಎಸ್‌ಐ ಗುರುತಿದೆಯೇ, ತಯಾರಾಗಿ ಮೂರು ತಿಂಗಳು ದಾಟಿಲ್ಲವೇ ಎಂದೂ ನೋಡಿಕೊಳ್ಳಬೇಕು.

ಕ್ಯೂರಿಂಗ್ ಯಾರ ಹೊಣೆ ಎಂಬುದೂ ಕರಾರಿನಲ್ಲಿರಬೇಕು, ಏಕೆಂದರೆ ಮೇಸ್ತ್ರಿ ಮನೆಯವರು ಎನ್ನುತ್ತಾನೆ, ಮನೆಯವರು ಮೇಸ್ತ್ರಿ ಎನ್ನುತ್ತಾರೆ, ನಡುವೆ ಕಾಂಕ್ರೀಟ್ ಒಣಗುತ್ತದೆ. ಅದೇ ಸಂಹಿತೆಯ ಪ್ರಕಾರ ಸಾಮಾನ್ಯ ಒಪಿಸಿ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ಮೇಲ್ಮೈ ಸದಾ ತೇವವಾಗಿರಬೇಕು. ಒಣ ಬಿಸಿಲಿನ ಕಾಲದಲ್ಲಿ ಮಿಶ್ರ ಸಿಮೆಂಟಾದರೆ 14 ದಿನ ಒಳ್ಳೆಯದು. ಬೆಳಿಗ್ಗೆ ಸಂಜೆ ಪೈಪಿನಲ್ಲಿ ಚಿಮುಕಿಸಿದರೆ ಮಧ್ಯಾಹ್ನದ ಬಿಸಿಲಿಗೆ ಆರುತ್ತದೆ. ನೆಲದ ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಬೇಕು ಇಲ್ಲವೇ ಒದ್ದೆ ಗೋಣಿತಾಟು ಹೊದಿಸಬೇಕು. ಕಂಬದ ಗುಂಡಿಯ ಕಾಂಕ್ರೀಟಿಗೂ ಇದೇ ನಿಯಮ. ಕಾಂಕ್ರೀಟ್ ತನ್ನ 28 ದಿನದ ಬಲದಲ್ಲಿ ಸುಮಾರು ಮೂರನೇ ಎರಡು ಭಾಗವನ್ನು ಗಳಿಸಲು ಒಂದು ವಾರ ಹಿಡಿಯುತ್ತದೆ, ಆದ್ದರಿಂದ ಕಂಬ ನೆಟ್ಟ ಮರುದಿನವೇ ತಂತಿ ಬಿಗಿಯಲು ಬಿಡಬಾರದು.

ಎದುರು ಬರುವ ಮಾತುಗಳು

ಇಷ್ಟಕ್ಕೆಲ್ಲ ಕಾಗದ ಮಾಡಿದರೆ ಮೇಸ್ತ್ರಿಗೆ ಅವಮಾನವಾಗುವುದಿಲ್ಲವೇ, ಊರಿನವನ ಮೇಲೆ ನಂಬಿಕೆ ಇಲ್ಲವೇ ಎಂಬುದು ಮೊದಲ ಆಕ್ಷೇಪ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ನಮ್ಮ ಊರುಗಳಲ್ಲಿ ಬಹುಪಾಲು ಕೆಲಸ ಬಾಯಿಮಾತಿನ ಮೇಲೆ ನಡೆದಿದೆ, ಒಳ್ಳೆಯ ಕೆಲಸವೂ ಆಗಿದೆ. 1872ರ ಭಾರತೀಯ ಕರಾರು ಕಾಯ್ದೆಯಲ್ಲೂ ಬಾಯಿಮಾತಿನ ಕರಾರಿಗೆ ಬೆಲೆಯಿದೆ. ಆದರೆ ಒಪ್ಪಿದ್ದೇನು ಎಂದು ಸಾಬೀತು ಮಾಡುವುದು ಆಗ ಕಷ್ಟ, ಆ ಕಷ್ಟ ಮೇಸ್ತ್ರಿಗೂ ಉಂಟು. ಹೇಳಿದ್ದಕ್ಕಿಂತ ಹೆಚ್ಚು ಕೆಲಸ ಮಾಡಿಸಿಕೊಂಡು ಹಣ ಕೊಡದ ಮಾಲೀಕರು ಕಡಿಮೆಯಿಲ್ಲ. ಇಬ್ಬರೂ ರುಜು ಹಾಕಿದ, ಕನ್ನಡದಲ್ಲೇ ಬರೆದ ಒಂದು ಪುಟ ಇಬ್ಬರನ್ನೂ ಕಾಯುತ್ತದೆ. ಸಹಿ ಬೇಡವೆನ್ನುವವನಿದ್ದರೆ ಅದೇ ಹಾಳೆಯನ್ನು ವಾಟ್ಸಾಪಿನಲ್ಲಿ ಕಳಿಸಿ, ಒಪ್ಪಿಗೆ ಎಂಬ ಉತ್ತರ ಪಡೆದರೂ ನಡೆಯುತ್ತದೆ.

ಎರಡನೆಯದು ಖರ್ಚಿನ ಮಾತು. ಆಳ, ದಪ್ಪ, ಗೇಜ್ ಎಲ್ಲವನ್ನೂ ಬರೆದು ಕೊಟ್ಟರೆ ದರ ಏರುವುದು ನಿಜ. ಆದರೆ ಆ ಏರಿಕೆಯೇ ನಿಜವಾದ ದರ, ಮೊದಲು ಕೇಳಿದ ಕಡಿಮೆ ದರ ಕಡಿಮೆ ಕೆಲಸಕ್ಕೆ ಹೇಳಿದ್ದು. ಹಣ ಸಾಲದಿದ್ದರೆ ಏನನ್ನು ಕಡಿತಗೊಳಿಸಬೇಕು ಎಂಬುದನ್ನು ನಾವೇ ತಿಳಿದು ತೀರ್ಮಾನಿಸಬಹುದು. ಜಾಲರಿಯ ಎತ್ತರ ಒಂದಡಿ ತಗ್ಗಿಸಬಹುದು, ಈ ವರ್ಷ ಎರಡು ಬದಿ ಮಾತ್ರ ಕಟ್ಟಿಸಬಹುದು, ಆದರೆ ಮೂಲೆಗಂಬದ ಆಳದಲ್ಲಿ ಕೈ ಬಿಗಿ ಹಿಡಿಯಬಾರದು. ಲೇಬರ್ ಕಾಂಟ್ರಾಕ್ಟ್ ಕೊಟ್ಟು ಸಾಮಾನು ನಾವೇ ತಂದರೆ ಅಗ್ಗವಲ್ಲವೇ ಎಂದೂ ಕೇಳುತ್ತಾರೆ. ಸಾಮಾನಿನ ಗುಣಮಟ್ಟ ಆಗ ನಮ್ಮ ಕೈಯಲ್ಲಿರುತ್ತದೆ, ಜೊತೆಗೆ ಲೋಡಿನ ಅಳತೆ, ಉಳಿಕೆ, ಕಳವಿನ ಹೊಣೆಯೂ ನಮ್ಮದಾಗುತ್ತದೆ. ಮುಂದೆ ಬಿರುಕು ಬಿಟ್ಟರೆ ನೀವು ತಂದ ಸಿಮೆಂಟೇ ಸರಿಯಿರಲಿಲ್ಲ ಎಂಬ ಉತ್ತರಕ್ಕೂ ಸಿದ್ಧರಿರಬೇಕು. ಸ್ಥಳದಲ್ಲಿದ್ದು ನೋಡಿಕೊಳ್ಳಬಲ್ಲವರಿಗೆ ಅದು ಸರಿ, ದೂರದಲ್ಲಿರುವವರಿಗೆ ಸಾಮಾನು ಸಹಿತ ಗುತ್ತಿಗೆಯೇ ಕ್ಷೇಮ.

ಬೆಂಗಳೂರಿನಲ್ಲೋ ಹೊರದೇಶದಲ್ಲೋ ಕೆಲಸದಲ್ಲಿದ್ದು ಊರಿನ ತೋಟಕ್ಕೆ ಬೇಲಿ ಹಾಕಿಸುವವರು, ದಿನವಿಡೀ ನಿಂತು ನೋಡಲು ಆಗುವುದಿಲ್ಲ ಎನ್ನುತ್ತಾರೆ. ಹಂತದ ಕಂತು ಹೆಚ್ಚು ಉಪಯೋಗಕ್ಕೆ ಬರುವುದು ಅವರಿಗೇ. ನೋಡಬೇಕಾದದ್ದು ದಿನವಿಡೀ ಅಲ್ಲ, ಮುಚ್ಚುವ ಮೊದಲಿನ ಮೂರು ನಾಲ್ಕು ಸಂದರ್ಭಗಳನ್ನು ಮಾತ್ರ. ಅಷ್ಟಕ್ಕೆ ಊರಿನ ಒಬ್ಬ ಸಿವಿಲ್ ಡಿಪ್ಲೊಮಾ ಓದಿದವರಿಗೆ ಸಂಭಾವನೆ ಕೊಟ್ಟು ಹೇಳಿದರೂ ಆಗುತ್ತದೆ. ಇಪ್ಪತ್ತು ವರ್ಷ ಕೆಲಸ ಮಾಡಿದ ಮೇಸ್ತ್ರಿಗೆ ಪುಸ್ತಕದ ಸಂಹಿತೆ ಹೇಳುವುದೇಕೆ ಎಂಬ ಪ್ರಶ್ನೆಯೂ ಇದೆ. ಮಣ್ಣು, ಕಲ್ಲು, ನೀರಿನ ಹರಿವಿನ ವಿಷಯದಲ್ಲಿ ಅವನ ಅನುಭವ ದೊಡ್ಡದು. ಮೂವತ್ತು ಲೀಟರ್ ನೀರು, ಹತ್ತು ದಿನದ ಕ್ಯೂರಿಂಗ್ ಮಾತ್ರ ಪ್ರಯೋಗಶಾಲೆಯಲ್ಲಿ ಸಾವಿರಾರು ಘನಗಳನ್ನು ಒಡೆದು ಕಂಡುಕೊಂಡ ಅನುಭವ. ಒಳ್ಳೆಯ ಮೇಸ್ತ್ರಿ ಎರಡನ್ನೂ ಬಲ್ಲ.

ಇಷ್ಟಾದ ಮೇಲೂ ಕೆಲಸ ಕೆಟ್ಟರೆ ಮೊದಲು ಫೋಟೊ, ಹಾಳೆ, ಹಣ ಕೊಟ್ಟ ಲೆಕ್ಕ ಮುಂದಿಟ್ಟು ಸರಿಪಡಿಸಲು ಕೇಳಬೇಕು. ಉಳಿಸಿಕೊಂಡ ಕೊನೆಯ ಕಂತಿನ ಬಲದಿಂದಲೇ ಇದು ಬಗೆಹರಿಯುವ ಸಾಧ್ಯತೆ ಹೆಚ್ಚು. ಬಗೆಹರಿಯದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ, ಹಣ ಕೊಟ್ಟು ಪಡೆದ ಸೇವೆಯಲ್ಲಿ ಕೊರತೆಯೆಂದು ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವಿಲ್ಲ. ಅಲ್ಲಿಯೂ ಕೇಳುವ ಮೊದಲ ಪ್ರಶ್ನೆ, ಒಪ್ಪಂದ ಏನಿತ್ತು ಎಂಬುದೇ.

ಮಾಲೀಕರ ಕಡೆಯ ಕರ್ತವ್ಯವನ್ನೂ ಅದೇ ಹಾಳೆಯಲ್ಲಿ ಬರೆಯದಿದ್ದರೆ ಇದೆಲ್ಲ ಅನ್ಯಾಯವಾಗುತ್ತದೆ. ಅಳತೆ ಸರಿಬಂದ ದಿನವೇ ಕಂತು ಕೊಡಬೇಕು, ಶನಿವಾರದ ಬಟವಾಡೆಗೆ ಕಾದಿರುವವರು ಮೇಸ್ತ್ರಿಯ ಹಿಂದೆ ಹತ್ತು ಜನರಿರುತ್ತಾರೆ. ನಡುವೆ ಗೇಟಿನ ಜಾಗ ಬದಲಿಸಿದರೆ, ಇನ್ನೆರಡು ಕಂಬ ಬೇಕೆಂದರೆ ಅದರ ದರವನ್ನು ಆಗಲೇ ಬರೆದು ಸೇರಿಸಬೇಕು. ಆಳದ ಪಾಯಕ್ಕೆ ಇಳಿಯುವವರ ಮೇಲೆ ಮಣ್ಣು ಕುಸಿಯದಂತೆ ಎಚ್ಚರ ವಹಿಸಬೇಕು, ಕೆಲಸಗಾರರಿಗೆ ಕೈಗವಸು, ಕುಡಿಯುವ ನೀರು, ನೆರಳು ಇರಬೇಕು. ಬೇಲಿಗೆ ಮನೆಯ ಕರೆಂಟು ಹರಿಸುವ ಕೆಲಸವನ್ನು ಯಾರೂ ಕೇಳಬಾರದು, ಯಾರೂ ಮಾಡಬಾರದು. ಅದು ಅಪರಾಧ, ಮನುಷ್ಯರನ್ನೂ ಆನೆಗಳನ್ನೂ ಕೊಂದಿದೆ. ಬರೆದ ಅಳತೆಗೆ ದುಡಿದು, ಅಳೆದ ದಿನವೇ ಹಣ ಪಡೆಯುವ ವ್ಯವಸ್ಥೆ ಒಂದು ಊರಿನಲ್ಲಿ ರೂಢಿಯಾದರೆ, ನಾಲ್ಕು ಇಂಚಿಗೆ ದರ ಹೇಳಿ ಕೆಲಸ ಕಳೆದುಕೊಳ್ಳುತ್ತಿದ್ದ ಮೇಸ್ತ್ರಿಗೆ ಮತ್ತೆ ಕೆಲಸ ಸಿಗುತ್ತದೆ. ಒಂದು ಹಾಳೆ ಬರೆಯುವ ಶ್ರಮವನ್ನು ಮಾಲೀಕರು ತೆಗೆದುಕೊಳ್ಳಬೇಕಾದದ್ದು ತಮ್ಮ ಬೇಲಿಗಾಗಿ ಮಾತ್ರವಲ್ಲ, ಆ ಮೇಸ್ತ್ರಿಗಾಗಿಯೂ.